ಹಳದಿ ಹಗ್ಗ ಮನೆಯಲ್ಲೇ ಇತ್ತು

“ಹಲೋ… ಯಾರ್ರೀ ಮಾತಾಡೋದು?… ಹಲೋ… ಸ್ವಲ್ಪ ಜೋರ ಮಾತಾಡ್ರಿ, ಬರೇ ಗಾಳಿ ಕೇಳಸ್ತೈತಿ…”

ರಹಿಮಾಳ ಎರಡೂ ಕೈ ಒದ್ದೆಯಾಗಿದ್ದವು. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಸೆರಗಿಗೆ ಕೈ ಒರೆಸುತ್ತಿದ್ದಳು. ಫೋನು ರಿಂಗಾದಾಗ ಅವಳು ಅಂಗಳದಲ್ಲಿ ಕೌದಿ ಹಿಂಡುತ್ತಿದ್ದಳು. ಕೌದಿ ಒಬ್ಬರ ಕೈಯಲ್ಲಿ ಹಿಂಡುವಂಥದ್ದಲ್ಲ. ಒಂದು ತುದಿ ಅವಳು, ಇನ್ನೊಂದು ತುದಿ ಎಂಟು ವರ್ಷದ ಮಗಳು ಆರಜೂ ಹಿಡಿದು ತಿರುವುತ್ತಿದ್ದರು. ತಿರುವಿದಷ್ಟೂ ನೀರು, ನೀರು ಬಿದ್ದಷ್ಟೂ ಆರಜೂಗೆ ನಗು. ಅರ್ಧ ಹಿಂಡಿದ ಕೌದಿಯನ್ನು ಹಾಗೇ ಹಳದಿ ಹಗ್ಗದ ಮೇಲೆ ಎಸೆದು ಓಡಿ ಬಂದಿದ್ದಳು. ಉಟಗಿಯ ಆ ಓಣಿಯಲ್ಲಿ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಮನೆಗಳಿಗೆ ತಗಡಿನ ಪತ್ರಾ ಹೊದಿಸುವ ಅವಳ ಗಂಡ ಸಿಕಂದರ ಮಿಸ್ತ್ರಿಗೆ ಸುತ್ತಲಿನ ಹಳ್ಳಿಗಳಿಂದ ಕೆಲಸ ಬರುತ್ತಿದ್ದದ್ದು ಆ ಫೋನಿನ ಮೇಲೆಯೇ.

“ಮಿಸ್ತ್ರಿ ಮನ್ಯಾಗ ಇಲ್ಲರಿ. ಸೊರಡಿಗೆ ಹೋಗ್ಯಾರ, ಗುರಪ್ಪ ಕಾಕಾರ ಹೊಸಾ ಮನಿ ಕೆಲಸಕ್ಕ. ಸಂಜೀಕ ಬರ್ತಾರ… ಹಾಂ?… ಯಾರು?… ಅಯ್ಯ, ನೀವಾ?”

“ನಿಮ್ಮ ದನೀನ ಗುರ್ತ ಹತ್ತಲಿಲ್ಲ ನೋಡ್ರಿ. ಎಲ್ಲಿಂದ ಮಾಡಾಕ ಹತ್ತೀರಿ?… ಗುರಪ್ಪ ಕಾಕಾರ ಮೊಬೈಲ್‌ನಿಂದ… ಹಾಂ, ಚಾ ಕುಡದೇವ್ರಿ. ಆರಜೂನೂ ಕುಡದಾಳ… ಇಲ್ಲ, ರೊಟ್ಟಿ ಇನ್ನಾ ಬಡದಿಲ್ಲ, ಕೌದಿ ಒಗ್ಯಾಕ ಹತ್ತಿದ್ದೆ… ಎಮ್ಮಿ? ಎಮ್ಮಿ ಚಲೋ ಐತಿ…”

ಇಲ್ಲಿಗೆ ಬಂದಾಗ ರಹಿಮಾ ಸೆರಗಿಗೆ ಕೈ ಒರೆಸುವುದನ್ನು ನಿಲ್ಲಿಸಿದಳು. ಹನ್ನೆರಡು ವರ್ಷ ಸಂಸಾರ ಮಾಡಿದವಳು ಅವಳು. ಸಿಕಂದರ ಏನಾದರೂ ಮುಚ್ಚಿಡಬೇಕಾದರೆ ಮೊದಲು ಎಮ್ಮೆಯನ್ನು ವಿಚಾರಿಸುತ್ತಾನೆ. ಎರಡು ವರ್ಷದ ಹಿಂದೆ ಮಾಡಗ್ಯಾಳದಲ್ಲಿ ಒಂದು ಗೋದಾಮಿನ ಮಾಡಿನಿಂದ ಬಿದ್ದು ಎಡಗಾಲು ಮುರಿದುಕೊಂಡು ದವಾಖಾನೆಯಲ್ಲಿ ಮಲಗಿದ್ದಾಗ, ಅಳುತ್ತ ಓಡಿಬಂದ ಹೆಂಡತಿಯನ್ನು ನೋಡಿ ಅವನು ಕೇಳಿದ ಮೊದಲ ಮಾತು, ಎಮ್ಮೆಗೆ ಮೇವು ಹಾಕಿದೆಯಾ ಅಂತ.

“ರೀ, ಎಮ್ಮಿ ಹೆಂಗೈತಿ ಅಂತ ಕೇಳಾಕ ಯಾರರ ಮಂದಿ ಮೊಬೈಲ್ ತಗೋತಾರೇನ್ರಿ? ಏನಾಗೇತಿ, ಸಾವಕಾಶ ಹೇಳ್ರಿ. ನಾ ಸಿಟ್ಟಿಗೇಳಾಂಗಿಲ್ಲ…”

“ಮ್ಯಾಲ ಅಂದ್ರ?… ಎದರ ಮ್ಯಾಲ?…”

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಆರಜೂ ಕೌದಿಯ ಸುಕ್ಕು ಬಿಡಿಸುತ್ತಿದ್ದವಳು ನಿಂತುಬಿಟ್ಟಿದ್ದಳು. ರಹಿಮಾ ದನಿ ತಗ್ಗಿಸಿದಳು.

“ಮೆಲ್ಲಕ ಹೇಳ್ರಿ. ಕೂಸು ಇಲ್ಲೇ ಐತಿ… ನೀವು ಏರಬಾರದಿತ್ತಲ್ಲ?… ಮ್ಯಾಲ ಏರೋ ಹುಡುಗ ಮಲ್ಲು ಎಲ್ಲಿ ಹೋದ?… ಕನ್ಯಾ ನೋಡಾಕ? ಇವತ್ತ?… ಹಾಂ. ಒಂದ ಪತ್ರಾ ಅಷ್ಟ ಉಳದಿತ್ತಂತ ನೀವ ಏರಿದ್ರಿ. ಹಾಂ. ಏರಿದ್ರಿ, ಖರೆ. ಇಳೀರಿ ಮತ್ತ… ಯಾಕ ಇಳ್ಯಾಕ ಬರಾಂಗಿಲ್ಲ?…”

ಗಾಳಿಯ ಸದ್ದಿನ ನಡುವೆ ಸಿಕಂದರ ತುಂಡುತುಂಡಾಗಿ ಹೇಳಿದ್ದನ್ನು ರಹಿಮಾ ಮನಸ್ಸಿನಲ್ಲಿ ಜೋಡಿಸಿಕೊಂಡಳು. ಬಿಸಿಲೇರಿದರೆ ತಗಡು ಕಾಯುತ್ತದೆಂದು ಪತ್ರಾ ಕೆಲಸದವರು ಬೆಳಗಾಗುವ ಹೊತ್ತಿಗೇ ಮೇಲೆ ಹತ್ತುತ್ತಾರೆ. ಗುರಪ್ಪನ ಹೆಂಡತಿ ಇಂದ್ರಾಬಾಯಿ ಹೊರಗೋಡೆಗೆ ಮೊನ್ನೆಯಷ್ಟೇ ಗುಲಾಬಿ ಬಣ್ಣ ಹೊಡೆಸಿದ್ದಳು. ಅದಕ್ಕೆ ನಿಚ್ಚಣಿಕೆ ಆನಿಸಲು ಅವಳು ಬಿಡಲಿಲ್ಲ. ಹಾಗಾಗಿ ಸಿಕಂದರ ಮನೆಯ ಒಳಗಿನಿಂದ, ಪತ್ರಾ ಇನ್ನೂ ಬೀಳದ ಕಿಂಡಿಯ ಮೂಲಕ ಮೇಲೆ ಬಂದ. ಬಂದವನು ಮೇಲೆ ನಿಂತು ಆ ಕಿಂಡಿಯನ್ನೇ ಮುಚ್ಚಿದ. ಕೊಕ್ಕೆ ಬೋಲ್ಟುಗಳನ್ನು ಹಾಕಿ, ಡಾಂಬರಿನ ವಾಶರ್ ಕೂಡಿಸಿ, ಪಾನಾದಿಂದ ಬಿಗಿಮಾಡಿದ. ಕೊನೆಯ ಬೋಲ್ಟು ಬಿಗಿಯುವಾಗ ಕೆಳಗೆ ತೆಂಗಿನಕಾಯಿ ಒಡೆದ ಸದ್ದು, ಅದರ ಹಿಂದೆಯೇ ಕೀಲಿ ಬಿದ್ದ ಸದ್ದು ಕೇಳಿಸಿ, ಕೆಲಸ ಒಪ್ಪವಾಗಿ ಮುಗಿಯಿತಲ್ಲ ಅಂತ ಅವನಿಗೆ ಸಂತೋಷವೂ ಆಯಿತು. ಆಮೇಲೆ ನಿಚ್ಚಣಿಕೆ ನೆನಪಾಯಿತು.

ಗುರಪ್ಪನ ಮನೆತನದಲ್ಲಿ ಒಂದು ಪದ್ಧತಿ. ಮಾಡು ಮುಚ್ಚಿದ ಮೇಲೆ ಬಾಗಿಲಿಗೆ ಕೀಲಿ ಬೀಳಬೇಕು. ಮುಹೂರ್ತಕ್ಕೆ ಆಕಳು ಮೊದಲು ಒಳಗೆ ಹೋಗುವ ತನಕ ಮನುಷ್ಯರು ಹೊಸ್ತಿಲು ದಾಟುವಂತಿಲ್ಲ. ಮನೆಯವರ ಕೈಯಲ್ಲಿದ್ದರೆ ಬಾಗಿಲು ತೆರೆಯದೆ ಇರಲಾರರೆಂದು ಕೀಲಿಕೈಯನ್ನು ಮಠದ ಅಯ್ಯನವರ ಕೈಗೆ ಕೊಡುತ್ತಾರೆ. ಅಯ್ಯನವರು ಅದನ್ನು ಶಾಲಿನ ತುದಿಗೆ ಕಟ್ಟಿಕೊಂಡು ಏಳು ಗಂಟೆಯ ಎಸ್‌.ಟಿ. ಬಸ್ಸು ಹತ್ತಿ ಜತ್ತಿಗೆ ಹೋಗಿಬಿಟ್ಟಿದ್ದರು. ಬರುವುದು ಸಂಜೆ ನಾಲ್ಕಕ್ಕೆ.

“ಅಂದ್ರ ನಿಚ್ಚಣಿಕಿ ಒಳಗ, ನೀವ ಮ್ಯಾಲ, ಕೀಲಿಕೈ ಜತ್ತಿನಾಗ…”

“ನಗಾಕ ಹತ್ತಿಲ್ಲರಿ. ಕೆಮ್ಮು ಬಂತು… ಪಾನಾ ನಿಮ್ಮ ಕಡೇನ ಐತಲ್ಲ? ಒಂದ ಪತ್ರಾ ಬಿಚ್ಚಿ ಒಳಗ ಇಳೀರಿ… ಯಾರು ಬ್ಯಾಡ ಅಂದವರು, ಇಂದ್ರಾಬಾಯಿ ಅಕ್ಕಾರೇನು?… ಹಾಂ, ಕಾಯಿ ಒಡದ ಮ್ಯಾಲ ಮಾಡು ತೆಗೀಬಾರದು… ಹಾಂ… ನೀವೂ ಅದನ್ನ ಅಂತೀರಾ? ವಾಶರ್ ಒಮ್ಮಿ ಕುಂತ ಮ್ಯಾಲ ಬಿಚ್ಚಿದ್ರ ಮಳಿ ಸೋರ್ತದ… ಖರೆ ಐತ್ರಿ, ನಿಮ್ಮ ಕೆಲಸ ಸೋರಬಾರದು. ಇಲ್ಲ, ನಾ ಏನೂ ಅನ್ನಲಿಲ್ಲ…”

ಬಾಗಿಲಿನಲ್ಲಿ ಆರಜೂ ಕಾಣಿಸಲಿಲ್ಲ. ಅಂಗಳದಲ್ಲಿ ಕೌದಿಯಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಆ ಕೌದಿ ಬಿದ್ದಿದ್ದ ಹಳದಿ ಹಗ್ಗದ ಮೇಲೆ ರಹಿಮಾಳ ಕಣ್ಣು ಹೋಯಿತು.

ಅದು ಬಟ್ಟೆಗೆಂದು ಬಂದ ಹಗ್ಗವಲ್ಲ. ಕಾಲು ಕೂಡಿ ಮತ್ತೆ ಕೆಲಸಕ್ಕೆ ಹೊರಟಾಗ ಸಿಕಂದರ ಸಾಂಗಲಿಯಿಂದ ತಂದದ್ದು. ಜೊತೆಗೊಂದು ಅಗಲವಾದ ನಡಪಟ್ಟಿ. ಪಟ್ಟಿಯನ್ನು ನಡುವಿಗೆ, ಹಗ್ಗದ ತುದಿಯನ್ನು ತೊಲೆಗೆ ಕಟ್ಟಿಕೊಂಡು ಮೇಲೆ ಓಡಾಡಬೇಕು. ಕಾಲು ಜಾರಿದರೂ ಮನುಷ್ಯ ಉಳಿಯುತ್ತಾನೆ. ಮನೆಯಲ್ಲಿದ್ದಾಗ ಅದು ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಆರಜೂ ಅಪ್ಪ ಬಿದ್ದ ಸಂಗತಿಯನ್ನು ಒಮ್ಮೆಯೂ ಕೇಳಿದವಳಲ್ಲ. ಹೇಗೆ ಬಿದ್ದೆ, ನೋವಾಯಿತಾ, ಮತ್ತೆ ಏರುತ್ತೀಯಾ, ಯಾವುದೂ ಇಲ್ಲ. ಬೆಳಗ್ಗೆ ಎದ್ದವಳೇ ಬಾಗಿಲ ಹಿಂದೆ ನೋಡುತ್ತಿದ್ದಳು. ಹಗ್ಗ ಅಲ್ಲಿದ್ದರೆ ಪಾಟೀಚೀಲ ಹೆಗಲಿಗೆ ಹಾಕಿ ಸಾಲೆಗೆ ಹೊರಡುವಳು. ಇಲ್ಲದ ದಿನ ಹೊಟ್ಟೆನೋವು. ಅದು ಹೊಟ್ಟೆಯ ನೋವಲ್ಲ ಎಂಬುದು ತಿಳಿಯಲು ರಹಿಮಾಗೆ ನಾಲ್ಕು ತಿಂಗಳು ಬೇಕಾಯಿತು. ತಿಳಿದ ದಿನ ಗಂಡನಿಗೆ ಹೇಳಿದಳು. ಮರುದಿನವೇ ಸಿಕಂದರ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಹಗ್ಗವನ್ನು ಬೇವಿನ ಮರದಿಂದ ದನದ ಕೊಟ್ಟಿಗೆಯ ಕಂಬಕ್ಕೆ ಎಳೆದು ಕಟ್ಟಿದ. ಇನ್ನು ಮೇಲೆ ಏರುವವನು ಮಲ್ಲು, ತಾನು ಕೆಳಗೆ ನಿಂತು ಹೇಳುವ ಮಿಸ್ತ್ರಿ, ಹಗ್ಗ ಅಮ್ಮಿಯ ಬಟ್ಟೆ ಒಣಹಾಕಲು ಎಂದ. ಅಂದಿನಿಂದ ಎಂಟು ತಿಂಗಳು ಆರಜೂಗೆ ಹೊಟ್ಟೆ ನೋಯಲಿಲ್ಲ.

“ರೀ, ಬ್ಯಾರೆ ನಿಚ್ಚಣಿಕಿ ಊರಾಗ ಇಲ್ಲೇನು?… ಅಷ್ಟ ಎತ್ತರದ್ದು ಒಂದ ಐತಿ. ಯಾರದು?… ಅಣ್ಣಾರಾಯ ಕಾಕಾರದಾ? ಅವರು ಬಾಜೂ ಮನ್ಯಾಗ ಇರೋರ ಅಲ್ಲೇನು? ಗುರಪ್ಪ ಕಾಕಾರ ಖಾಸ ಅಣ್ಣ. ತರ್ರಿ ಮತ್ತ… ಯಾಕ ಕೊಡಾಂಗಿಲ್ಲ?…”

“ಕೊಡ್ತಾರ. ಆದ್ರ ಗುರಪ್ಪ ಕಾಕಾರು ಬಾಯಿ ಬಿಟ್ಟ ಕೇಳಬೇಕು… ಗುರಪ್ಪ ಕಾಕಾರು ಕೇಳಾಂಗಿಲ್ಲ… ಆರ ವರ್ಷದಿಂದ ಮಾತಿಲ್ಲ. ಹಾಂ… ಅದಕ್ಕಂತ ಈ ಮನಿ ಅಣ್ಣನ ಮನಿಗಿಂತ ಒಂದ ಫೂಟ ಎತ್ತರ ಕಟ್ಟ್ಯಾರ… ನೀವ ಅಳತಿ ಹಿಡದ ಕೊಟ್ಟೀರಿ…”

ಈಗ ಸೊರಡಿಯಲ್ಲಿ ನಡೆದಿದ್ದದ್ದು ಹೀಗೆ. ಅಣ್ಣ ತನ್ನ ಅಂಗಳದಲ್ಲಿ ನಿಚ್ಚಣಿಕೆಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದ, ತಮ್ಮ ತನ್ನ ಅಂಗಳದಲ್ಲಿ ಆಕಳ ಪಕ್ಕ ನಿಂತಿದ್ದ. ಇಬ್ಬರೂ ತಲೆ ಎತ್ತಿ ಸಿಕಂದರನ ಜೊತೆ ಮಾತಾಡುತ್ತಿದ್ದರು. ನಿಚ್ಚಣಿಕೆ ಬೇಕಾದವರು ಕೇಳಲಿ ಎಂದು ಅಣ್ಣ ಆಕಾಶಕ್ಕೆ ಹೇಳುವುದು, ಬೇಕಾದದ್ದು ಮಿಸ್ತ್ರಿಗೆ ಹೊರತು ತನಗಲ್ಲ ಎಂದು ತಮ್ಮ ಆಕಾಶಕ್ಕೆ ಹೇಳುವುದು. ನಡುವೆ ಮಾಡಿನ ನೆತ್ತಿಯ ಮೇಲೆ ಸಿಕಂದರ ಕುದುರೆ ಹತ್ತಿದವನ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದ. ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ಇಬ್ಬರ ಮನೆಯಿಂದಲೂ ಚಹಾ ಬಂದಿತ್ತು.

“ಚಾ ಮ್ಯಾಲ ಹೆಂಗ ಬಂತು?… ಗೆರಿ ಹಾಕೋ ದೋರಿ ಇಳಿಬಿಟ್ರಾ? ಅದರಾಗ ಮೊಬೈಲೂ ಬಂತು. ಹಾಂ… ಕೆಳಗ ರೇಂಜ್ ಇಲ್ಲ, ನಿಮ್ಮ ಕಡೆ ಮೂರ ಕಡ್ಡಿ ತೋರಸ್ತೈತಿ. ಅದಕ್ಕ… ಯಾರ್ಯಾರಿಗೆ ಮಾಡೀರಿ?… ಕೆಳಗ ನಿಂತ ಲಗಮಣ್ಣನ ಟಗರಿನ ವ್ಯವಹಾರಾನೂ ನೀವ ಮಾತಾಡಿದ್ರಾ? ಟಗರು ಕೊಟ್ಟನೇನು?… ಚಲೋ ಆತು. ನಾಲ್ಕನೇ ಫೋನ್ ನನಗ ಮಾಡೀರಿ. ಹಾಂ. ಇಲ್ಲ, ಬ್ಯಾಸರ ಇಲ್ಲ…”

“ಯಾರು ಕೂಗಾಕ ಹತ್ಯಾರ ಅಲ್ಲೆ?… ಇಂದ್ರಾಬಾಯಿ ಅಕ್ಕಾರು. ನನ್ನ ಕೇಳ್ತಾರಾ? ಏನಂತ?… ಹೂರಣ ನೀರಾಗೇತಿ?… ಎಷ್ಟ ಮಂದಿಗೆ?… ನೂರ ಮಂದಿಗೆ. ರೀ, ನೀವ ಪತ್ರಾದ ಮ್ಯಾಲ ಕುಂತೀರಿ, ಅವರಿಗೆ ಹೂರಣದ್ದ ಚಿಂತಿ… ಹೇಳ್ತೀನಿ, ಹೇಳ್ತೀನಿ. ಅಗಲ ಪಾತೇಲಿಗೆ ಹಾಕಿ ಸಣ್ಣ ಉರಿ ಮ್ಯಾಲ ಆಡಸ್ರಿ ಅನ್ರಿ. ಕೈ ಬಿಡಬಾರದು, ತಳ ಹತ್ತತೈತಿ. ಮ್ಯಾಲ ಮುಚ್ಚಬ್ಯಾಡ್ರಿ ಅನ್ರಿ, ಮುಚ್ಚಿದ್ರ ಉಗಿ ಒಳಗ ನಿಂತು ಮತ್ತ ನೀರ ಆಗ್ತೈತಿ… ಹೇಳಿದ್ರಾ? ಏನಂದ್ರು?…”

ಆ ಕಡೆ ಸಿಕಂದರ ಹೂರಣದ ಪಾಠ ಒಪ್ಪಿಸುವುದನ್ನು ರಹಿಮಾ ತಾಳ್ಮೆಯಿಂದ ಕೇಳಿದಳು. ಅಷ್ಟರಲ್ಲಿ ಹೊರಗೆ ಏನೋ ಧೊಪ್ಪನೆ ಬಿದ್ದಿತು. ತಂತಿ ಎಳೆದಷ್ಟು ದೂರ ಬಂದು ಇಣುಕಿದರೆ, ಆರಜೂ ಹಗ್ಗದ ಮೇಲಿನ ಕೌದಿಯನ್ನು ಎಳೆದು ಕಟ್ಟೆಯ ಮೇಲೆ ಹಾಕಿದ್ದಳು. ಅದರ ಪಕ್ಕಕ್ಕೆ ಅಪ್ಪನ ಅಂಗಿ, ತನ್ನ ಸಾಲೆಯ ಲಂಗ, ರಹಿಮಾಳ ಎರಡು ಸೀರೆ, ಒಂದೊಂದಾಗಿ ತೆಗೆದು ಮಡಚಿ ಇಡುತ್ತಿದ್ದಳು. ಒದ್ದೆ ಬಟ್ಟೆಯನ್ನು ಯಾರಾದರೂ ಮಡಚುತ್ತಾರೆಯೇ. ಅವಳು ಮಡಚುತ್ತಿದ್ದಳು.

“ಆರಜೂ, ಬಿಡವಾ, ನಾ ಬರ್ತೀನಿ. ಅಬ್ಬಾ ಚಲೋ ಅದಾರ. ಸೊರಡ್ಯಾಗ ಅದಾರ.”

ಆರಜೂ ಮುಂದಿನ ಬಟ್ಟೆಗೆ ಕೈ ಹಾಕಿದಳು.

“ನಿಮಗಲ್ಲರಿ, ಕೂಸಿಗೆ ಹೇಳಿದೆ… ಇಲ್ಲ, ಕೇಳಿಲ್ಲ ಅಕಿ. ಏನೂ ಕೇಳಿಲ್ಲ. ಅದ ಚಿಂತಿ ನಂಗ… ರೀ, ಗಂಟಿ ಎಷ್ಟಾತು ಅಲ್ಲೆ? ಇಲ್ಲಿ ಬಿಸಲ ಕಟ್ಟಿಗೆ ಬಂತು. ಪತ್ರಾ ಕಾಯಾಕ ಹತ್ತೇತೇನ್ರಿ?… ಹಾಂ… ಕುಂತಲ್ಲೇ ಸುಡಾಕ ಹತ್ತೇತಿ. ಒಂದ ಹಗ್ಗ ಒಗೀರಿ ಅಂದ್ರ ಆಗಾಂಗಿಲ್ಲೇನು?… ಹೌದು. ಕಟ್ಟೋದ ಎದಕ್ಕ. ತೊಲಿ ಎಲ್ಲಾ ಮುಚ್ಚಿ ಹೋತು. ನೀವ ಮುಚ್ಚೀರಿ. ಹಾಂ…”

ಅವನ ಕೆಲಸದಲ್ಲಿ ಒಂದು ಬೆರಳು ಸಿಕ್ಕಿಸುವಷ್ಟೂ ಸಂದು ಇರುವುದಿಲ್ಲ ಎಂಬುದು ಜತ್ತ ತಾಲೂಕಿಗೆಲ್ಲ ಗೊತ್ತಿದ್ದ ಮಾತು. ಇಂದು ಆ ಮಾತಿನ ಮೇಲೆಯೇ ಅವನು ಕುಳಿತಿದ್ದ.

“ಫೋನ್ ಯಾವ ಕೈಯಾಗ ಹಿಡದೀರಿ?… ಬಲಗೈಯಾಗ. ಎಡಗೈಯಾಗ?… ಛತ್ರಿ?… ಬಿಸಲಿಗೆ ಅಂತ ಗುರಪ್ಪ ಕಾಕಾರು ದೋರಿಗೆ ಕಟ್ಟಿ ಕಳಸ್ಯಾರ… ಹಾಂ, ಚಲೋ ಮಂದಿ…”

ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಛತ್ರಿ. ಇದರ ಮುಂದೆ ಕೇಳಬೇಕಾದ ಪ್ರಶ್ನೆ ರಹಿಮಾಳ ನಾಲಿಗೆಯ ತುದಿಗೆ ಬಂತು. ಕೇಳಿದರೆ ಅವನು ಕೆಳಗೆ ನೋಡುತ್ತಾನೆ. ಕೆಳಗೆ ನೋಡಿದರೆ ಮಾಡಗ್ಯಾಳ ನೆನಪಾಗುತ್ತದೆ. ಕೇಳುವ ಬದಲು ರೊಟ್ಟಿ ಹಂಚುವಾಗಿನ ಸಾದಾ ದನಿಯಲ್ಲಿ ಹೇಳಿದಳು.

“ರೀ, ನಾ ಹೇಳಿದ್ದನ್ನ ಹಂಗ ಜೋರಾಗಿ ಅಣ್ಣಾರಾಯ ಕಾಕಾರಿಗೆ ಹೇಳ್ರಿ. ಉಟಗಿ ರಹಿಮಾ ಕೇಳ್ತಾಳ, ನಿಮ್ಮ ನಿಚ್ಚಣಿಕಿ ತಾಸೊತ್ತಿನ ಮಟ್ಟಿಗೆ ಕೊಡ್ರಿ ಅಂತ… ಹಾಂ, ನಾನ ಕೇಳಾಕತ್ತೀನಿ. ಯಾರರ ಬಾಯಿಬಿಟ್ಟ ಕೇಳಬೇಕಂದ್ರಲ್ಲ, ನಂದ ಬಾಯಿ ತಗೋರಿ ಅನ್ರಿ. ಇದರಾಗ ತಮ್ಮಾನೂ ಸೋಲಲಿಲ್ಲ, ಅಣ್ಣಾನೂ ಸೋಲಲಿಲ್ಲ… ಹೇಳ್ರಿ, ನಾ ಹಿಡದೀನಿ…”

ಸಿಕಂದರ ಕೂಗಿದ್ದು ಕೇಳಿಸಿತು. ಹೊರಗೆ ಆರಜೂ ಬೇವಿನ ಮರದ ಬುಡದಲ್ಲಿ ಕುಳಿತು ಹಗ್ಗದ ಗಂಟಿಗೆ ಹಲ್ಲು ಹಾಕಿದ್ದಳು. ಅಪ್ಪ ಕಟ್ಟಿದ ಗಂಟು, ಬೇಗ ಬಿಡುವಂಥದ್ದಲ್ಲ.

“ಹಾಂ… ಹಾಂ, ಏನಂದ್ರು?… ಹೆಣ್ಮಗಳು ಕೇಳಿದ ಮ್ಯಾಲ ಇಲ್ಲ ಅನ್ನಾಕ ಬರಾಂಗಿಲ್ಲ ಅಂದ್ರಾ. ಅವರಿಗೆ ನಂದ ಸಲಾಂ ಹೇಳ್ರಿ… ಈಗೇನು? ಗ್ವಾಡಿ ಬಣ್ಣ? ಇಂದ್ರಾಬಾಯಿ ಅಕ್ಕಾರು ಬ್ಯಾಡ ಅಂತಾರಾ… ನಿಚ್ಚಣಿಕಿ ತಲಿಗೆ ಗೋಣೀಚೀಲ ಸುತ್ತಿ ಆನಸ್ರಿ ಅನ್ರಿ, ಬಣ್ಣಕ್ಕ ಏನೂ ಆಗಾಂಗಿಲ್ಲ. ಮತ್ತ ಹೂರಣ ಗಟ್ಟಿ ಆತೋ ಇಲ್ಲೋ ಅಂತ ಕೇಳ್ರಿ… ಆತಾ? ಹಂಗಾದ್ರ ರಹಿಮಾಳ ಮಾತ ಕೇಳಿದ್ರ ಕೆಲಸ ಕೆಡಾಂಗಿಲ್ಲ ಅಂತ ಅಕ್ಕಾರಿಗೆ ಗೊತ್ತಾತು. ಗೋಣೀಚೀಲ ಸುತ್ತಾಕ ಹೇಳ್ರಿ…”

ಫೋನಿನ ಆ ತುದಿಯಲ್ಲಿ ಜನ ಓಡಾಡುವ, ಕಟ್ಟಿಗೆ ಗೋಡೆಗೆ ತಗಲುವ ಸದ್ದು ಕೇಳಿಸಿತು. ಯಾರೋ ಹುಷಾರು ಎಂದರು, ಯಾರೋ ಎಡಕ್ಕೆ ಎಂದರು. ರಹಿಮಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

“ಬಂತಾ?… ಆನಿಸಿದ್ರಾ?… ಗಟ್ಟಿ ನಿಂತೈತಲ್ಲ? ಕೆಳಗ ಇಬ್ಬರು ಹಿಡ್ಯಾಕ ಹೇಳ್ರಿ… ಅಣ್ಣ ಒಂದ ಕಡೆ, ತಮ್ಮ ಒಂದ ಕಡೆ ಹಿಡದಾರಾ? ಚಲೋ ಆತು. ಇನ್ನ ಫೋನ್ ಇಡ್ರಿ, ಇಳೀರಿ. ಇಳದ ಮ್ಯಾಲ ಮಾತಾಡೋಣು…”

“ಹಾಂ?…”

“ಚಲೋ ಐತ್ರಿ ಎಮ್ಮಿ. ಆಗಳೇ ಹೇಳಿದೆನಲ್ಲ…”

“ಹೂಂ, ನೀರ ಕುಡಸೀನಿ…”

“ರೀ…”

ಅವಳಿಗೆ ಆಗ ತಿಳಿಯಿತು. ನಿಚ್ಚಣಿಕೆ ಇಲ್ಲವೆಂದು ಅವನು ಫೋನು ಮಾಡಿರಲಿಲ್ಲ. ಮಾಡಗ್ಯಾಳದಲ್ಲಿ ಅವನು ಬಿದ್ದದ್ದು ಏರುವಾಗಲ್ಲ, ಕೆಲಸ ಮಾಡುವಾಗಲೂ ಅಲ್ಲ. ಮಾಡಿನಿಂದ ಹೊರಳಿ, ಕಾಣದ ನಿಚ್ಚಣಿಕೆಯ ಮೊದಲ ಮೆಟ್ಟಿಲಿಗೆ ಕಾಲು ಹುಡುಕುವಾಗ ಬಿದ್ದಿದ್ದ. ಆಮೇಲೆ ಅವನು ಹಗ್ಗವಿಲ್ಲದೆ ಯಾವ ಮಾಡಿನಿಂದಲೂ ಇಳಿದಿರಲಿಲ್ಲ, ಈಚಿನ ಎಂಟು ತಿಂಗಳಂತೂ ಏರಿಯೇ ಇರಲಿಲ್ಲ. ಲಗಮಣ್ಣನ ಟಗರು, ಎರಡು ಮನೆಯ ಚಹಾ, ಅಣ್ಣತಮ್ಮರ ಜಗಳ, ಎಲ್ಲವೂ ಅವನಿಗೆ ಆ ಮೆಟ್ಟಿಲನ್ನು ಒಂದಿಷ್ಟು ದೂರ ಇಡಲು ಸಿಕ್ಕ ನೆಪಗಳು. ಈಗ ನೆಪ ಮುಗಿದು ಎಮ್ಮೆ ಉಳಿದಿತ್ತು.

“ಹೆದರಿಕಿ ಆಗಾಕ ಹತ್ತೇತೇನ್ರಿ?…”

“ಆಗಲಿ. ಯಾರಿಗೂ ಹೇಳಾಂಗಿಲ್ಲ ನಾ… ಒಂದ ಗಳಿಗಿ ತಡೀರಿ… ಹಾಂ, ನಾ ಎಲ್ಲೂ ಹೋಗಾಂಗಿಲ್ಲ. ಇಲ್ಲೇ ಕುಂತೀನಿ. ಕೌದಿ ಒಣಗಿದಾಗ ಒಣಗಲಿ… ಛತ್ರಿ ಮಡಚ್ರಿ ಮೊದಲ… ಗಾಳಿಗೆ ಮಡಚಾಕ ಎರಡೂ ಕೈ ಬೇಕಾ? ಫೋನ್ ಕಿಸೇದಾಗ ಹಾಕ್ರಿ… ಯಾಕ? ಫೋನ್ ಇಟ್ರ ನನ್ನ ದನಿ ಕೇಳಾಂಗಿಲ್ಲ… ಹೌದು. ಹೌದ್ರಿ, ಕೇಳಾಂಗಿಲ್ಲ…”

ನೆರಳೊಂದು ಬಾಗಿಲಿನಿಂದ ಒಳಗೆ ಬಂದು ಅವಳ ಮಡಿಲ ಮೇಲೆ ಬಿತ್ತು. ಆರಜೂ ನಿಂತಿದ್ದಳು. ಹಳದಿ ಹಗ್ಗವನ್ನು, ಅಪ್ಪ ಕೆಲಸಕ್ಕೆ ಹೊರಡುವಾಗ ಸುತ್ತುತ್ತಿದ್ದ ಹಾಗೆಯೇ, ಮೊಳಕೈಗೂ ಹೆಬ್ಬೆರಳಿಗೂ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. ಅರ್ಧ ಹಗ್ಗ ಇನ್ನೂ ಅಂಗಳದಲ್ಲಿ ಎಳೆದುಕೊಂಡು ಬರುತ್ತಿತ್ತು. ತುಟಿಯ ಮೇಲೆ ಗಂಟು ಕಚ್ಚಿದ ಗುರುತಿತ್ತು. ಕೌದಿಯ ನೀರಿಗೆ ಲಂಗ ಮೊಣಕಾಲಿನ ತನಕ ತೊಯ್ದಿತ್ತು.

ರಹಿಮಾ ಮಗಳ ಮುಖ ನೋಡಿದಳು. ಆರಜೂ ಕೈ ಚಾಚಿದಳು. ಬೇಡವೆನ್ನಲು ಬಾಯಿ ತೆರೆದವಳು ಬೇಡವೆನ್ನಲಿಲ್ಲ. ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು, ರಿಸೀವರನ್ನು ಅದರ ಕಿವಿಗಿಟ್ಟು, ತನ್ನ ಕಿವಿಯನ್ನೂ ಹತ್ತಿರ ಹಚ್ಚಿದಳು.

“ರೀ, ಆರಜೂಗ ಕೊಡ್ತೀನಿ…”

ಗಾಳಿ ಬೀಸಿತು. ಎರಡು ವರ್ಷ ಏನೂ ಕೇಳದ ಮಗು ರಿಸೀವರಿಗೆ ಬಾಯಿ ಹಚ್ಚಿ ಕೇಳಿತು.

“ಅಬ್ಬಾ, ಹಗ್ಗ ಇಲ್ಲೇ ಐತಿ. ನೀ ಏನ ಹಿಡಕೊಂಡ ಕುಂತೀ?”

ಆ ಕಡೆ ಮೊದಲು ಏನೋ ಅಗಲವಾದದ್ದು ತಗಡಿನ ಮೇಲೆ ಸರ್ರನೆ ಜಾರಿಹೋದ ಸದ್ದಾಯಿತು, ಛತ್ರಿ. ಅದರ ಬೆನ್ನಿಗೇ, ಹಿಡಿದುಕೊಳ್ಳಲು ಎರಡೂ ಕೈ ಬೇಕೆಂದು, ಅವನು ಫೋನನ್ನೂ ಬಿಟ್ಟ. ಇಬ್ಬರ ಕಿವಿಯೊಳಗೂ ತಗಡಿನ ಏಣುಗಳು ಒಂದರ ಹಿಂದೊಂದು ಟಕಟಕನೆ ಬಡಿದವು, ಬಡಿಯುತ್ತ ಕೆಳಗಿಳಿದವು, ಮತ್ತು ಲೈನು ಕಟ್ಟಾಯಿತು.